ಮರಳಿಗೆ ರಾಯಲ್ಟಿ ಐತಿ, ಮರಳಿನ ಜೋಡಿ ಹೋದ ನೀರಿಗೆ?

ರಾಣೆಬೆನ್ನೂರು, ಗುತ್ತಲ ಕಡೆ ಮರಳಿನ ಟಿಪ್ಪರ್ ಹಿಂದ ಬೈಕ್ ಹೊಡದವ್ರಿಗೆ ಗೊತ್ತಿರತೈತಿ, ಮುಖಕ್ಕ ಹನಿ ಸಿಡೀತಾವ, ರೋಡಿನ ಮ್ಯಾಲ ಉದ್ದಕ ಹಸಿ ಗೆರಿ ಬಿದ್ದಿರತೈತಿ. ಗಾಡಿ ಹಿಡದ್ರ ಕೇಳೋದು ಏನು, ಪರ್ಮಿಟ್ ಐತೇನು, ಎಷ್ಟು ಟನ್, ಜಿಪಿಎಸ್ ಹಚ್ಚೀರೇನು. ಹಿಂದ ಸೋರೋ ನೀರು ಯಾರದು ಅಂತ ಮಾತ್ರ ಯಾರೂ ಕೇಳಂಗಿಲ್ಲ. ತೂಕದಾಗ ಶೇಕಡಾ 4 ನೀರು ಅಂತ ಹಿಡಿದ್ರೂ 10 ಟನ್ ಲೋಡಿಗೆ 400 ಲೀಟರ್ ಆತು, ಹೊಳ್ಯಾಗಿಂದ ಈಗಷ್ಟ ತಗದ ಹಸಿ ಮರಳಿನಾಗ ಇನ್ನೂ ಜಾಸ್ತೀನ ಇರತೈತಿ.

ಈ 4 ಪರ್ಸೆಂಟ್ ಲೆಕ್ಕ ನನ್ನ ತಲ್ಯಾಗ ಹುಟ್ಟಿದ್ದಲ್ಲ. ಅಮೆರಿಕಾದ ಕೊಲೊರಾಡೊ ರಾಜ್ಯದಾಗ, ಡೆನ್ವರ್ ಹತ್ರ ಸೌತ್ ಪ್ಲ್ಯಾಟ್ ಅಂತ ಹೊಳಿ ಐತಿ, ಅದರ ದಂಡಿಗುಂಟ ಗರಸು-ಮರಳಿನ ಗುಂಡಿಗಳು ಸಾಲಕ್ಕ ಅದಾವ. ಅಲ್ಲೆ ಮಳಿ ನಮ್ಮ ಗದಗಿನಕಿಂತ ಕಡಿಮಿ. ಹಿಂಗಾಗಿ ನೀರಿನ ವಿಷಯದಾಗ ಮಂದಿ ಭಾಳ ಜಿಪುಣರು. ಗುಂಡಿ ತೋಡಿದಾಗ ಅಂತರ್ಜಲ ಮ್ಯಾಲ ಕಾಣಿಸ್ತು ಅಂದ್ರ ಅದು ಬಾವಿನ, ಪರ್ಮಿಟ್ ತಗೋಬೇಕು ಅಂತ 1988ರಾಗ ಆ ರಾಜ್ಯದ ಸುಪ್ರೀಂ ಕೋರ್ಟ್ ಹೇಳ್ತು, ಮರುವರ್ಷ 1989ರಾಗ ಕಾಯ್ದೆನೂ ಬಂತು. 1980ರ ಡಿಸೆಂಬರ್ 31ರ ನಂತರ ನೀರು ಕಾಣೋ ಹಂಗ ತೆಗೆದ ಗುಂಡಿಯಿಂದ ಎಷ್ಟು ನೀರು ಆವಿ ಆಗಿ ಹೋಗತೈತಿ ಅಷ್ಟನ್ನ ಗುಂಡಿಯವ್ರು ಹೊಳಿಗೆ ವಾಪಸ್ ಬಿಡಬೇಕು. ಮರಳಿನ ಜೋಡಿ ಹೊಂಟ ಹಸಿ (ನಾ ಹೇಳಿದ 4 ಪರ್ಸೆಂಟ್ ಇದರದ ಲೆಕ್ಕ), ಧೂಳಿಗೆ ಹೊಡದ ನೀರು, ಎಲ್ಲಾ ಲೆಕ್ಕಕ್ಕ ಬರತೈತಿ. ಇನ್ನೊಂದು ಮಾತು ನನಗ ಭಾಳ ಹಿಡಿಸ್ತು. ಹೊಳಿಯಿಂದ ದೂರ ತೋಡಿದ ಗುಂಡಿಯ ಪೆಟ್ಟು ಹೊಳಿಗೆ ಮುಟ್ಟಾಕ ತಿಂಗಳಗಟ್ಲೆ, ಕೆಲವೊಮ್ಮೆ ವರ್ಷಗಟ್ಲೆ ಹಿಡೀತೈತಿ, ಹಂಗಾಗಿ ಧಂದೆ ಬಂದ್ ಮಾಡಿ ಮನಿಗೆ ಹೋದ್ರೂ ಆ ತಡವಾಗಿ ಬರೋ ಕೊರತಿ ತುಂಬಿಕೊಡೋ ಜವಾಬ್ದಾರಿ ಬಿಡಂಗಿಲ್ಲ.

ಈಗ ನಮ್ಮ ಹೊಳಿಗೆ ಬರ್ರಿ. ವರದಾ ಗಳಗನಾಥದಾಗ ತುಂಗಭದ್ರಾಕ್ಕ ಕೂಡತೈತಿ, ಮುಂದ ಹೊಳಿ ಶಿರಹಟ್ಟಿ, ಮುಂಡರಗಿ ತಾಲೂಕಿನ ದಂಡಿಗುಂಟ ಹಮ್ಮಿಗಿ, ಕೊರ್ಲಹಳ್ಳಿ ಅಂತ ಹೊಕ್ಕೈತಿ. ಗದಗ-ಬೆಟಗೇರಿ ಮಂದಿ ಕುಡಿಯೋದು ಇದೇ ಹೊಳಿ ನೀರು. ಬ್ಯಾಸಗ್ಯಾಗ ಹೊಳಿ ನಿಂತಾಗ ಹಳ್ಳಿ ಹೆಣ್ಮಕ್ಕಳು ಮರಳಿನಾಗ ವರ್ತಿ ತೋಡಿ ಕೊಡ ತುಂಬಿಸ್ತಿದ್ರು, ಊರಿಗೆ ನೀರು ಎತ್ತೋ ಹೊಳಿ ದಂಡಿ ಬಾವಿಗೂ, ಅಂದ್ರ ಜಾಕ್‌ವೆಲ್‌ಗೂ, ಅದೇ ಮರಳಿನ ನೀರ ಆಧಾರ. ಕಾಳು ಕೂಡಿಡಾಕ ನೆಲದಾಗ ಹಗೇವು ಇರತೈತಲ್ಲ, ಮರಳು ಅಂದ್ರ ಹೊಳಿಯ ಹಗೇವು ನೋಡ್ರಿ. ಒಂದು ಘನ ಮೀಟರ್ ಮರಳು 200ರಿಂದ 300 ಲೀಟರ್ ನೀರು ಬಿಟ್ಟುಕೊಡತೈತಿ, ಅದೂ ಮ್ಯಾಲಿನ ಒಂದೆರಡು ಅಡಿ ಒಣಗಿದ ಮರಳು ಇತ್ತಂದ್ರ ಕೆಳಗಿನ ನೀರು ಬಿಸಿಲಿನ ಕೈಗೆ ಸಿಗೋದ ಕಡಿಮಿ. ಆ ಮರಳು ಎತ್ತಿ ನೀರು ಬಯಲಿಗಿಟ್ರ? ಒಂದು ಎಕರೆ ಗುಂಡಿ, ದಿನಕ್ಕ 5 ಮಿಲಿಮೀಟರ್ ಆವಿ ಅಂತ ಕಡಿಮಿನ ಹಿಡಿರಿ, 20 ಸಾವಿರ ಲೀಟರ್. ಅಂದ್ರ 5 ಸಾವಿರ ಲೀಟರ್ ಹಿಡಿಯೋ ಟ್ಯಾಂಕರ್ ನಾಕು, ದಿನಾ. ಆಮ್ಯಾಲ ಅದೇ ಊರಿಗೆ ಏಪ್ರಿಲ್‌ನಾಗ ಸರ್ಕಾರದ ರೊಕ್ಕದಾಗ ಟ್ಯಾಂಕರ್ ಕಳಸ್ತಾರ!

ಕಾನೂನು ಇಲ್ಲಂತಲ್ಲ. ಕೇಂದ್ರದ 2016ರ ಮರಳು ಮಾರ್ಗಸೂಚಿ ಒಳಗ 3 ಮೀಟರ್ ಇಲ್ಲಾ ನೀರಿನ ಮಟ್ಟ, ಯಾವುದು ಕಡಿಮಿಯೋ ಅಲ್ಲಿಗೆ ನಿಲ್ಲಸ್ರಿ ಅಂತೈತಿ. ನೀರು ಕಂಡ ಮ್ಯಾಲ ಬಕೆಟ್ ಇಳಿಸೋದ ತಪ್ಪು ಅಂದಂಗಾತು. ಆದ್ರ ತಪ್ಪಿಗೆ ದಂಡ ಹಾಕೋದು ಮತ್ತ ಮರಳಿನ ಟನ್ ಲೆಕ್ಕದಾಗ, ಹೋದ ನೀರು ಯಾವ ಕಾಲಮ್‌ನಾಗೂ ಇಲ್ಲ.

ಕೆಲವ್ರು ಹೇಳ್ತಾರ, ಮಳಿಗಾಲಕ್ಕ ಹೊಳಿ ತುಂಬೇ ತುಂಬತೈತಿ ಬಿಡೋ ಮಾರಾಯಾ ಅಂತ. ತುಂಬತೈತಿ ಖರೆ. ಜುಲೈನಾಗ ತುಂಬೋದರಿಂದ ಏಪ್ರಿಲ್‌ನಾಗ ಒಣಗಿದ ಬೋರ್‌ವೆಲ್‌ಗೆ ಏನು ಉಪಯೋಗ? ಮರಳು ಬ್ಯಾರೆ ಮೊದಲಿನಂಗ ಹರದು ಬರಂಗಿಲ್ಲ, ಮ್ಯಾಲ ಗಾಜನೂರು, ಲಕ್ಕವಳ್ಳಿ ಡ್ಯಾಮ್ ಅದಾವಲ್ಲ.

ಇನ್ನ ಈ ಲೈನಿಂಗ್ ವಿಚಾರ, ಅಂದ್ರ ಗುಂಡ್ಯಾಗ ನೀರು ಸೋರದಂಗ ತಡಿ ಹಾಕೋದು. ಹಳೆ ಗುಂಡಿಗೆ ಲೈನಿಂಗ್ ಹಾಕಿ ಕೆರಿ ಮಾಡಿಬಿಡೋಣ ಅನ್ನೋದು ಈಗ ಎಲ್ಲಾರ ಬಾಯಾಗ ಐತಿ. ಕೃಷಿ ಹೊಂಡಕ್ಕ ತಾಡಪತ್ರಿ ಹಾಸಿದ್ದು ನೋಡಿ ಈ ಧೈರ್ಯ ಬಂದಿರಬೇಕು. ಹೊಂಡ ಸಣ್ಣದು, ಮಸಾರಿ ಹೊಲಕ್ಕ ಅದು ಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಹೊಳಿ ದಂಡ್ಯಾಗಿನ ಹತ್ತಿಪ್ಪತ್ತು ಎಕರೆ ಗುಂಡಿ ಅಂದ್ರ ಬ್ಯಾರೆ ಮಾತು. ಕೊಲೊರಾಡೊದಾಗ ಇದನ್ನೂ ಮಾಡ್ಯಾರ, ಗುಂಡಿ ಸುತ್ತ ಕೆಳಗಿನ ಬಂಡಿಕಲ್ಲಿನ ತನಕ ನೀರು ಬಿಡದಂಥ ಬೆಂಟೊನೈಟ್ ಮಣ್ಣಿನ ಗೋಡಿ ಇಳಿಸಿ ಒಳಗ ನೀರು ತುಂಬಿಸ್ತಾರ, ಡೆನ್ವರ್ ನಗರದ ನೀರು ಇಲಾಖಿನೂ ಇಂಥಾವು ಇಟ್ಕೊಂಡೈತಿ. ಆದ್ರ ಗೋಡಿ ಸೋರಂಗಿಲ್ಲ ಅಂತ 90 ದಿನ ಪರೀಕ್ಷೆ ಮಾಡಿ ತೋರಿಸಬೇಕು, ಆ ಮ್ಯಾಲೂ ಒಳಗ ಬಿದ್ದ ಮಳಿ ನಂದು ಅನ್ನಂಗಿಲ್ಲ, ಹೊಳಿಗೆ ಹೋಗಬೇಕಾಗಿದ್ದ ನೀರನ್ನ ಬಿಡಬೇಕು. ಜೋಡಿಗೆ ಭೂಮಿ ಒಳಗ ಹರಿಯೋ ನೀರಿಗೆ ಆ ಗೋಡಿ ಅಡ್ಡ ನಿಲ್ಲತೈತಿ, ಮ್ಯಾಲಿನ ಹೊಲ ಜವಳ ಹಿಡೀತೈತಿ, ಕೆಳಗಿನವನ ಬಾವಿ ಇಳೀತೈತಿ. ನಮ್ಮಲ್ಲಿ ಈ ಲೈನಿಂಗ್ ಮಾತಾಡೋರು ಆ ಕೆಳಗಿನವನ್ನ ಒಮ್ಮೆಯಾದ್ರೂ ಕೇಳ್ಯಾರೇನು?

ಹಂಗಂತ ಅವರ ಪದ್ಧತಿ ಪೂರಾ ಹೊತ್ಕೊಂಡು ಬರ್ರಿ ಅಂತ ನಾ ಹೇಳಂಗಿಲ್ಲ. ವಾಪಸ್ ಕೊಡೋ ನೀರು ಎಲ್ಲಿಂದ ತರ್ತಾರ ಅಲ್ಲೆ? ಎಷ್ಟೋ ಸಲ ರೈತರ ಹಳೆ ನೀರಿನ ಹಕ್ಕು ಖರೀದಿ ಮಾಡ್ತಾರ, ಆಮ್ಯಾಲ ಆ ಹೊಲ ಬೀಳು ಬೀಳತೈತಿ. ನಮ್ಮ ಕಡೆ ಮಹದಾಯಿ ಸಲುವಾಗಿ ನರಗುಂದ-ನವಲಗುಂದದ ರೈತರು ವರ್ಷಗಟ್ಲೆ ಧರಣಿ ಕುಂತದ್ದು ನೋಡಿದವ್ರಿಗೆ ಯಾರಾದ್ರೂ ನೀರು ಖರೀದಿ ಮಾಡಿ ಹೊಳಿಗೆ ಬಿಡ್ತೇವಿ ಅಂದ್ರ ನಗು ಬರತೈತಿ. ಇಲ್ಲೆ ಖರೀದಿಗೆ ಹೆಚ್ಚಿನ ನೀರ ಇಲ್ಲ. ಅದಕ್ಕ ನನ್ನ ಬೇಡಿಕಿ ಸಣ್ಣದು. ಲೀಸ್ ಕೊಡೋ ಮೊದಲ ಸುತ್ತಿನ ಬಾವಿ, ಬೋರ್, ಜಾಕ್‌ವೆಲ್ ನೀರಿನ ಮಟ್ಟ ಅಳದು ಬರೀರಿ, ಮೇ ತಿಂಗಳದಾಗ ಮತ್ತ ಅಳೀರಿ. ಇಳದಿತ್ತಂದ್ರ ಆ ಊರಿನ ಟ್ಯಾಂಕರ್ ಖರ್ಚು ಲೀಸಿನವನ ಡಿಪಾಜಿಟ್‌ನಾಗಿಂದ ಮುರೀರಿ. 2020ರ ಮರಳು ನೀತಿ ಬಂದಮ್ಯಾಲ ಹಳ್ಳದ ಮರಳು ಗ್ರಾಮ ಪಂಚಾಯ್ತಿ ಕೈಯಾಗ ಐತಿ, ಅಂದ್ರ ಹಳ್ಳದ ಮಟ್ಟಿಗಾದ್ರೂ ಇದನ್ನ ಶುರು ಮಾಡಾಕ ಬೆಂಗಳೂರಿನ ದಾರಿ ಕಾಯೋದು ಬೇಕಿಲ್ಲ. ಮುಂದಿನ ಗ್ರಾಮಸಭೆದಾಗ ಪಿಡಿಒ ಅವರಿಗೆ ಕೇಳ್ರಿ, ಬಾವಿ ಅಳದ ರಿಜಿಸ್ಟರ್ ಎಲ್ಲೈತಿ ಅಂತ. ಏನು ಉತ್ತರ ಬಂತು ಕಾಮೆಂಟ್‌ನಾಗ ಹಾಕ್ರಿ, ಊರಿನ ಹೆಸರು ಬ್ಯಾಡಂದ್ರ ತಾಲೂಕಷ್ಟ ಬರೀರಿ ಸಾಕು.