ಬಕ್ರಾ

ಬೀದರಿನಿಂದ ತಂದ ಹೂದಾನಿಯನ್ನು ಹೆಂಡತಿ ಒದ್ದೆ ಬಟ್ಟೆಯಿಂದ ಒರೆಸಿದಳು. ಬಟ್ಟೆ ಕಪ್ಪಾಯಿತು, ಹೂದಾನಿ ಬೆಳ್ಳಗಾಯಿತು. ‘ನಿಮಗ ಬಕ್ರಾ ಮಾಡ್ಯಾರ್ರಿ’ ಅಂದಳು.

ಬಿದರಿಯ ಕಪ್ಪು ಒರೆಸಿದರೆ ಹೋಗುವಂಥದ್ದಲ್ಲ. ಸತುವಿಗೆ ಒಂದಿಷ್ಟು ತಾಮ್ರ ಬೆರೆಸಿ ಎರಕ ಹೊಯ್ದು, ಮೈಮೇಲೆ ಗೀರು ಕೊರೆದು ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಮಣ್ಣಿಗೆ ನವಸಾಗರ ಕಲಸಿ ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ಇಷ್ಟೆಲ್ಲ ನನಗೆ ಗೊತ್ತಿತ್ತು. ಕಲಬುರಗಿಯಿಂದ ಬೀದರಿನವರೆಗೆ ಮೈಸೂರಿನ ಗೆಳೆಯನಿಗೆ ಬಸ್ಸಿನಲ್ಲಿ ಇದೇ ಪಾಠ ಹೇಳಿದ್ದೆ. ಅವನು ಏನೂ ಕೊಳ್ಳಲಿಲ್ಲ.

ನಮ್ಮ ಕಡೆ ಮೋಸ ಹೋದವನಿಗೆ ಶಬ್ದಗಳ ಬರ ಇಲ್ಲ. 1948ರ ತನಕ ನಿಜಾಮರ ಕಚೇರಿಗಳಲ್ಲಿ ಉರ್ದು ನಡೆದ ಸೀಮೆ ಇದು. ಬೈಗಳೂ ಆ ಕಡೆಯಿಂದ ಧಾರಾಳವಾಗಿ ಬಂದವು. ‘ಬೇಕೂಫ’ ಎಂಬುದರ ಮೂಲ ಬೇವುಕೂಫ್. ವುಕೂಫ್ ಅಂದರೆ ಅರಬ್ಬಿಯಲ್ಲಿ ಅರಿವು, ಅದಕ್ಕೆ ಪಾರಸಿಯ ‘ಬೇ’ ಹತ್ತಿಕೊಂಡು ಅರಿವುಗೇಡಿಯಾಯಿತು. ಬಕ್ರಾದ ಬೇರು ಸಂಸ್ಕೃತದ ‘ಬರ್ಕರ’, ಬರೀ ಹೋತ. ಆದರೆ ಹೋತ ದಡ್ಡ ಪ್ರಾಣಿಯೇನಲ್ಲ. ಬೇಲಿಯ ಎಲ್ಲಿ ಸಂದಿಯಿದೆ ಎಂದು ಅದಕ್ಕೆ ಗೊತ್ತಿರುವಷ್ಟು ಹೊಲದ ಒಡೆಯನಿಗೂ ಗೊತ್ತಿರುವುದಿಲ್ಲ. ಅದರ ಹಣೆಬರಹ ಕೆಟ್ಟಿದ್ದು ಮೇವಿನಿಂದ. ಕಲ್ಯಾಣದ ಬಸವಣ್ಣನವರು ಇದನ್ನು ಎಂದೋ ಕಂಡಿದ್ದರು: ಹಬ್ಬಕ್ಕೆ ತಂದ ಹರಕೆಯ ಕುರಿ, ತೋರಣದ ತಳಿರನ್ನೇ ಮೇಯುತ್ತದೆ.

ನನ್ನ ತಳಿರು ಚಹಾ. ‘ಆವ್ ಸಾಬ್, ಬೈಠೋ’ ಎಂದು ಕೂರಿಸಿ, ಅಂಗಡಿಯಾತ ಏಲಕ್ಕಿ ಹಾಕಿದ ಗಟ್ಟಿ ಚಹಾ ತರಿಸಿದ. ಎರಡನೇ ಕಪ್ಪಿನ ಹೊತ್ತಿಗೆ, ಬೆಲೆ ಇಳಿಸಿ ಎನ್ನಲು ನನಗೇ ನಾಚಿಕೆಯಾಯಿತು. ಚಹಾ ಮಾತ್ರ ಖರೇ ಚಲೋ ಇತ್ತು.

ಅವ್ವ ಅಡುಗೆಮನೆಯಿಂದಲೇ ನನ್ನ ಪರ ನಿಂತಳು. ‘ಇರಲಿ ಬಿಡವಾ, ನನ್ನ ಮಗ ಮೊದಲಿಂದಾನೂ ಭೋಳೆ.’ ಮೋಸ ಹೋದವನಿಗೆ ಇಷ್ಟು ಮೆತ್ತನೆಯ ಶಬ್ದ ಇನ್ನೊಂದಿಲ್ಲ. ಭಸ್ಮಾಸುರ ಕೇಳಿದ್ದನ್ನು ಹಿಂದೆಮುಂದೆ ನೋಡದೆ ಕೊಟ್ಟು, ಆಮೇಲೆ ತಲೆ ಉಳಿಸಿಕೊಳ್ಳಲು ಓಡಿದ ಶಿವನೂ ಭೋಳೆಶಂಕರನೇ. ಸಂಸ್ಕೃತದಲ್ಲಿ ಮೂಢ, ಮುಗ್ಧ ಎರಡೂ ‘ಮುಹ್’ ಎಂಬ ಒಂದೇ ಧಾತುವಿನ ಮಕ್ಕಳಂತೆ. ನಮ್ಮ ಮನೆಯಲ್ಲಿ ಅತ್ತೆ ಒಂದನ್ನು ಇಟ್ಟುಕೊಂಡರು, ಸೊಸೆ ಇನ್ನೊಂದನ್ನು.

ಹೂದಾನಿಯನ್ನು ನಾನು ಎಸೆಯಲಿಲ್ಲ. ಉಳಿದ ಕಪ್ಪು ಕಾಣುವ ಹಾಗೆ ತಿರುಗಿಸಿ ಕಪಾಟಿನ ಮೇಲಿನ ಹಲಗೆಯಲ್ಲಿಟ್ಟೆ. ಮೊನ್ನೆ ಬೆಂಗಳೂರಿನಿಂದ ಬಂದ ಬೀಗರು ಕತ್ತೆತ್ತಿ ನೋಡಿ, ‘ಬಿದರಿ ಕೆಲಸ ಅಲ್ವಾ ಇದು?’ ಅಂದರು.

‘ಹೌದ್ರಿ, ಬೀದರದಾಗೇ ತಂದೀನಿ’ ಎಂದೆ. ಅವರು ಮುಟ್ಟಿ ನೋಡಲು ಏಳುವುದರೊಳಗೆ ಒಳಗೆ ಕೂಗಿ ಹೇಳಿದೆ, ಚಹಾ ಇಡು ಅಂತ.