ಎದುರಿನಿಂದ ಬರುವ ಮಳೆ

ಬೈಕಿನವನಿಗೆ ಹವಾಮಾನ ವರದಿ ಎದುರಿನಿಂದ ಬರುತ್ತದೆ. ನಮ್ಮ ತಲೆಯ ಮೇಲೆ ಬಿಸಿಲು ಕಾಯುತ್ತಿದ್ದರೂ ಎದುರಿನ ಲಾರಿಯ ವೈಪರ್ ಇನ್ನೂ ಆಡುತ್ತಿದ್ದರೆ ಮಳೆ ಮುಂದಿನ ತಿರುವಿನಲ್ಲೇ ಕಾದಿದೆ ಎಂದು ಲೆಕ್ಕ. ವೈಪರ್ ನಿಂತು, ಕಾರಿನ ಮೂತಿಯ ಮೇಲೆ ಹನಿ ಮಾತ್ರ ಉಳಿದಿದ್ದರೆ ನಾಲ್ಕೈದು ಕಿಲೋಮೀಟರ್ ಸಮಯವಿದೆ. ರೇನ್‌ಕೋಟ್ ತೊಟ್ಟ ಬೈಕಿನವನನ್ನು ಮಾತ್ರ ನಂಬುವಂತಿಲ್ಲ. ಅವನು ಅದನ್ನು ಯಾವ ಊರಿನಲ್ಲಿ ಹಾಕಿಕೊಂಡನೋ, ಬಿಚ್ಚುವುದಕ್ಕೆ ಎಷ್ಟು ಸೋಮಾರಿಯೋ!

ಈ ವಿದ್ಯೆ ನನಗೆ ಕೈಗೂಡಿದ್ದು ಒಂದು ದಸರಾ ರಜೆಯಲ್ಲಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಬೆಂಗಳೂರಿನಿಂದ ಆಗುಂಬೆಗೆ ಹೊರಟಾಗ. ದಾರಿ ಮುನ್ನೂರೈವತ್ತು ಕಿಲೋಮೀಟರಿನ ಆಸುಪಾಸು. ಆಗತಾನೇ ಚಿತ್ತೆಯ ಮಳೆನಕ್ಷತ್ರ ಹುಟ್ಟಿತ್ತು. ಹಳ್ಳಿಯವರು ಇದನ್ನು ಕುರುಡು ಚಿತ್ತೆ ಎನ್ನುತ್ತಾರೆ. ಒಂದು ಹೊಲಕ್ಕೆ ಹೊಯ್ದು ಬದುವಿನಾಚೆಯ ಹೊಲವನ್ನು ಮರೆತುಬಿಡುವ ಮಳೆ. ಆರಿದ್ರೆ, ಪುಷ್ಯಗಳಲ್ಲಾದರೆ ತೊಂದರೆಯಿಲ್ಲ. ಮನೆಯಿಂದಲೇ ಕೋಟು ಹಾಕಿಕೊಂಡು ಹೊರಡಬಹುದು. ಚಿತ್ತೆಯಲ್ಲಿ ಪ್ರತಿ ಅರ್ಧ ಗಂಟೆಗೊಮ್ಮೆ ಸಂಸಾರದಲ್ಲಿ ಚರ್ಚೆಯಾಗಬೇಕು.

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುವಾಗ ಮೋಡವೇ ಇರಲಿಲ್ಲ. ತಿಪಟೂರಿನ ತೆಂಗಿನ ತೋಟಗಳು, ಅರಸೀಕೆರೆಯ ಬಯಲು, ಎಲ್ಲ ಒಣ ಒಣ. ಕಡೂರು ದಾಟುವಾಗ ಬೆನ್ನಿಗೆ ಬೆರಳಿನ ಮೊದಲ ತಿವಿತ ಬಿತ್ತು.

"ರೀ, ನಿಲ್ಲಿಸಿ. ಕೋಟು ಹಾಕಿಕೊಳ್ಳೋಣ."

"ಬಿಸಿಲಿದೆಯಲ್ಲ!"

"ಆ ಲಾರಿ ನೋಡಿದಿರಾ?"

ನೋಡಿದ್ದೆ. ಆದರೆ ನೋಡಿದೆ ಎಂದರೆ ನಿಲ್ಲಿಸಬೇಕು. ನಿಲ್ಲಿಸಿದರೆ ಕಟ್ಟಿದ ಬ್ಯಾಗು ಬಿಚ್ಚಬೇಕು, ಬೂಟು ಕಳಚದೆ ರೇನ್‌ಕೋಟಿನ ಪ್ಯಾಂಟಿಗೆ ಕಾಲು ತೂರಿಸಬೇಕು. ಹೆದ್ದಾರಿಯ ಬದಿಯಲ್ಲಿ ಒಂಟಿಕಾಲಿನಲ್ಲಿ ಕುಪ್ಪಳಿಸುವ ಗಂಡಸನ್ನು ಬಸ್ಸಿನ ಅಷ್ಟೂ ಕಿಟಕಿಗಳು ನೋಡಿಕೊಂಡು ಹೋಗುತ್ತವೆ. ಆ ಮರ್ಯಾದೆಯ ಪ್ರಶ್ನೆಗಾಗಿ ನಾನು ಇನ್ನೂ ಹತ್ತು ಕಿಲೋಮೀಟರ್ ಬಿಸಿಲನ್ನು ನಂಬಿದೆ.

ತರೀಕೆರೆಗೆ ಮೊದಲು ಮಳೆಯ ಗಡಿ ಸಿಕ್ಕಿತು. ಗಡಿ ಎಂದದ್ದು ಅಲಂಕಾರಕ್ಕಲ್ಲ. ಬೂದಿಬಣ್ಣದ ಒಣ ಡಾಂಬರು ಒಂದು ಗೆರೆಯಲ್ಲಿ ಮುಗಿದು ಅಲ್ಲಿಂದಾಚೆ ಕರ್ರಗೆ ಹೊಳೆಯುತ್ತಿತ್ತು. ಮನೆಯಲ್ಲಿ ಕೂತವರಿಗೆ ಮಳೆ ಬರುತ್ತದೆ. ಬೈಕಿನಲ್ಲಿ ನಾವೇ ಮಳೆಯೊಳಕ್ಕೆ ಹೋಗುತ್ತೇವೆ, ಹೊಸ್ತಿಲು ದಾಟಿದ ಹಾಗೆ. ಮೊದಲ ಹನಿಗಳು ಮಣಿಗಂಟಿಗೆ ಕಡಲೆಕಾಳು ಎಸೆದಂತೆ ಬಡಿದವು. ಒಣ ರಸ್ತೆಯ ಧೂಳು, ಎಣ್ಣೆಗಳೆಲ್ಲ ಆ ಮೊದಲ ಹತ್ತು ನಿಮಿಷದಲ್ಲಿ ಮೇಲೆದ್ದು ಜಾರುತ್ತವೆಯಾದ್ದರಿಂದ ಬ್ರೇಕನ್ನು ಹೂವು ಮುಟ್ಟಿದಂತೆ ಮುಟ್ಟಬೇಕು. ಹೆಲ್ಮೆಟ್ಟಿನ ಗಾಜು ಮುಚ್ಚಿದರೆ ಉಸಿರಿನ ಮಬ್ಬು, ತೆರೆದರೆ ಕನ್ನಡಕಕ್ಕೆ ಅಭಿಷೇಕ.

ಕೊನೆಗೂ ಒಂದು ಅಂಗಡಿಯ ಸೂರಿನಡಿ ಕೋಟು ಹಾಕಿಕೊಂಡೆವು, ಒದ್ದೆ ಬಟ್ಟೆಯ ಮೇಲೆ. ಮಳೆ ಹೊರಗೆ, ತೇವ ಒಳಗೆ. ಸಾಲದ್ದಕ್ಕೆ ಪೆಟ್ರೋಲ್ ಟ್ಯಾಂಕಿನ ಮೇಲೆ ಬಿದ್ದ ನೀರೆಲ್ಲ ಸದ್ದಿಲ್ಲದೆ ಇಳಿದು ಬಂದು ಸೀಟಿನ ಮುಂತುದಿಯಲ್ಲಿ ಕೆರೆ ಕಟ್ಟುತ್ತದೆ. ಅಲ್ಲಿ ಕೂತವನಿಗಷ್ಟೇ ಅದರ ತಣ್ಣಗಿನ ಅನುಭವ. ಹಿಂದೆ ಕೂತವಳು ನನ್ನ ಬೆನ್ನಿನ ಮರೆಯಲ್ಲಿ ಮುಕ್ಕಾಲು ಪಾಲು ಒಣಗಿದ್ದಳು; ಗೆದ್ದವಳು ಗೆದ್ದೆ ಎನ್ನದೆ ಸುಮ್ಮನಿದ್ದುದು ಇನ್ನೂ ಚುಚ್ಚಿತು.

ಭದ್ರಾವತಿಯಲ್ಲಿ ಬಿಸಿಲು. ಬಿಚ್ಚಿದೆವು. ಶಿವಮೊಗ್ಗ ದಾಟಿ ಸಕ್ರೆಬೈಲಿನ ಹತ್ತಿರ ಮತ್ತೆ ಮಳೆ. ಹಾಕಿಕೊಂಡೆವು. ಮಂಡಗದ್ದೆಯಲ್ಲಿ ನಿಂತಿತು, ಈ ಸಲ ಬಿಚ್ಚಲಿಲ್ಲ. ತೀರ್ಥಹಳ್ಳಿಯವರೆಗೆ ಬೆವರಿನಲ್ಲಿ ಬೆಂದೆವು.

ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ನಾವು ಬೆಳಿಗ್ಗೆ ಹಾದುಬಂದ ಅರಸೀಕೆರೆಯ ಸೀಮೆಗೆ ಸುಮಾರು ಅದರ ಹತ್ತರಲ್ಲೊಂದು ಪಾಲು. ಒಂದೇ ದಿನದಲ್ಲಿ, ಒಂದೇ ಸೀಟಿನ ಮೇಲೆ ಕೂತು ಇವೆರಡರ ನಡುವೆ ಓಡಾಡಬಹುದು ಎಂಬುದೇ ನನಗೆ ಘಾಟಿಯ ಹದಿನಾಲ್ಕು ತಿರುವುಗಳಿಗಿಂತ ದೊಡ್ಡ ಸೋಜಿಗ. ಅಂದು ಸಂಜೆ ಅಲ್ಲಿ ಒಂದು ಹನಿಯೂ ಬೀಳಲಿಲ್ಲ. ಸೂರ್ಯ ಮುಳುಗುವ ಜಾಗದಲ್ಲಿ ಜನವಿತ್ತು, ಸೂರ್ಯನಿರಲಿಲ್ಲ. ಕೋಣೆಯ ಫ್ಯಾನಿಗೆ ಕಾಲುಚೀಲ ಕಟ್ಟಿ ರಾತ್ರಿಯೆಲ್ಲ ತಿರುಗಿಸಿದೆವು. ಬೆಳಿಗ್ಗೆಯೂ ಅವು ಒದ್ದೆಯೇ.

ಮರಳುವ ದಿನ ಭದ್ರಾವತಿಯವರೆಗೆ ಬಿಡದೆ ಸುರಿಯಿತು. ಆಮೇಲೆ ತರೀಕೆರೆ, ಬೀರೂರು, ಕಣ್ಣು ಕುಕ್ಕುವ ಬಿಸಿಲು. ಬಿಚ್ಚುವ ಉತ್ಸಾಹ ಇಬ್ಬರಿಗೂ ಇರಲಿಲ್ಲ. ಗಾಳಿಗೆ ತಾನೇ ಒಣಗಲಿ ಎಂದು ಹಾಗೆಯೇ ಹೋಗುತ್ತಿದ್ದೆವು.

ಕಡೂರಿನಾಚೆ ಎದುರಿನಿಂದ ಒಂದು ಬೈಕ್ ಬಂತು. ಹುಡುಗ, ಹಿಂದೆ ಹುಡುಗಿ, ಪಕ್ಕಕ್ಕೆ ಕಟ್ಟಿದ ಬ್ಯಾಗು. ಅವನು ನಮ್ಮನ್ನು ನೋಡಿದ. ಆಕಾಶ ನೋಡಿದ. ಮತ್ತೆ ನಮ್ಮ ಕೋಟು ನೋಡಿದ. ಕನ್ನಡಿಯಲ್ಲಿ ಕಂಡಿತು: ಬೈಕು ಹುಣಸೆಮರದ ಕೆಳಗೆ ನಿಂತಿತು, ಹುಡುಗಿ ಬ್ಯಾಗಿನ ಹಗ್ಗ ಬಿಚ್ಚತೊಡಗಿದಳು, ಅವನು ಆಗಲೇ ಒಂಟಿಕಾಲಿನಲ್ಲಿ ಕುಪ್ಪಳಿಸುತ್ತಿದ್ದ.

"ಪಾಪ ಕಣ್ರೀ," ಎಂದಳು ನನ್ನವಳು. "ತಿರುಗಿಸಿ ಹೋಗಿ ಹೇಳೋಣವೇ?"

ಹೇಳುವುದಾದರೂ ಏನನ್ನು? ಅಷ್ಟರಲ್ಲಿ ಎದುರಿನಿಂದ ಒಂದು ಲಾರಿ ಬರುತ್ತಿತ್ತು. ಇಬ್ಬರೂ ಅದರ ವೈಪರನ್ನೇ ನೋಡಿದೆವು.