ಉಣ್ಣೆ ಅಂತ ದುಡ್ಡು ತಗೊಂಡು ಪ್ಲಾಸ್ಟಿಕ್ ಕೊಡ್ತೀರಲ್ಲ!

ಉಣ್ಣೆ ಅಂತ ಹೇಳಿ ಅಕ್ರಿಲಿಕ್ (ಪ್ಲಾಸ್ಟಿಕ್ ಜಾತಿಯ ಕೃತಕ ನೂಲು) ಮಾರುವುದಕ್ಕೆ ಇವರಿಗೆ ಸ್ವಲ್ಪವೂ ನಾಚಿಕೆ ಆಗುವುದಿಲ್ವಾ? ಆನ್‌ಲೈನಲ್ಲಿ ಒಂದು ಟರ್ಟಲ್ ನೆಕ್ ಸ್ವೆಟರ್ ತರಿಸಿದ್ದೆ. ಹೆಸರಿನಲ್ಲೇ ದೊಡ್ಡದಾಗಿ 'ವುಲ್' ಅಂತ ಇತ್ತು. ಜೊತೆಗೆ 'ಪ್ರೀಮಿಯಂ', 'ಕಡು ಚಳಿಗೆ' ಅಂತೆಲ್ಲ ಬೇರೆ. ಮಾಡೆಲ್ ಹಿಮದ ಬೆಟ್ಟದ ಮುಂದೆ ಕೈಕಟ್ಟಿ ನಿಂತಿದ್ದಾನೆ. ಬೆಲೆ ಎರಡೂವರೆ ಸಾವಿರದ ಹತ್ತಿರ. ಈಗ ನೋಡಿದರೆ ಒಳಗಡೆ, ಸೊಂಟದ ಹತ್ತಿರದ ಹೊಲಿಗೆಯಲ್ಲಿ, ಉಗುರಿನಷ್ಟಗಲದ ಒಂದು ಬಿಳಿ ಪಟ್ಟಿ. 100% ಅಕ್ರಿಲಿಕ್! ಮುಂದಿನಿಂದ, ಹಿಂದಿನಿಂದ, ತೋಳಿನದ್ದು, ಕಾಲರಿನದ್ದು, ಎಲ್ಲದರ ಫೋಟೋ ಹಾಕಿದ್ದಾರೆ. ಆ ಪಟ್ಟಿಯದ್ದು ಮಾತ್ರ ಇಲ್ಲ.

ನಾನಿರುವುದು ದೆಹಲಿಯಲ್ಲಿ. ಬೆಂಗಳೂರಿನ ಡಿಸೆಂಬರ್ ಚಳಿಗೆ ಏನು ಹಾಕಿಕೊಂಡರೂ ನಡೆಯುತ್ತದೆ. ಇಲ್ಲಿ ಜನವರಿಯ ಬೆಳಗಿನ ಜಾವ 4-5 ಡಿಗ್ರಿಗೆ ಇಳಿಯುತ್ತದೆ, ಮಂಜು ಬೇರೆ, ಮನೆಯೊಳಗಿನ ನೆಲ, ಗೋಡೆ ಎಲ್ಲ ಕೊರೆಯುತ್ತಿರುತ್ತವೆ. ಅದಕ್ಕೇ ಅಲ್ವಾ ಕತ್ತು ಮುಚ್ಚುವ ಉಣ್ಣೆ ಸ್ವೆಟರ್ ಬೇಕು ಅಂತ ಹುಡುಕಿದ್ದು.

ಉಣ್ಣೆಯ ಗುಣವೇ ಬೇರೆ. ತನ್ನ ತೂಕದ ಸುಮಾರು 30% ತೇವ ಹೀರಿಕೊಂಡರೂ ಮೈಗೆ ಒದ್ದೆ ಅನಿಸುವುದಿಲ್ಲ. ಅಕ್ರಿಲಿಕ್ ಹೀರುವುದೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಏನಾಗುತ್ತದೆ ಗೊತ್ತಾ, ಮೆಟ್ರೋ ರಶ್ಶಲ್ಲಿ ಬೆವರುತ್ತೀರಿ, ಬೆವರು ಒಳಗಿನ ಅಂಗಿಯಲ್ಲೇ ನಿಲ್ಲುತ್ತದೆ, ಸ್ಟೇಷನ್ನಿಂದ ಹೊರಗೆ ಬಂದು ಗಾಳಿ ಬೀಸಿದ ತಕ್ಷಣ ಬೆನ್ನಿಗೆ ತಣ್ಣೀರು ಹುಯ್ದ ಹಾಗಾಗುತ್ತದೆ. ರಾತ್ರಿ ತಲೆ ಮೇಲಿಂದ ಎಳೆದು ತೆಗೆಯುವಾಗ ಚಟಚಟ ಅಂತ ಕಿಡಿ, ಕೂದಲೆಲ್ಲ ನೆಟ್ಟಗೆ. ಇನ್ನು ಆ ಕಾಲರ್! ಗಡ್ಡ ಉಜ್ಜುವ ಜಾಗದಲ್ಲಿ ಮಡಿಕೆ ತುಂಬ ಸಣ್ಣ ಸಣ್ಣ ಉಂಡೆ ಕಟ್ಟಿಕೊಂಡಿವೆ, ಕಿತ್ತಷ್ಟೂ ಬರುತ್ತವೆ. ಒಂದೇ ಒಗೆತಕ್ಕೆ ಸಡಿಲವಾಗಿ ಕತ್ತಿನ ಸುತ್ತ ಜೋತು ಬಿದ್ದಿದೆ. ಟರ್ಟಲ್ ನೆಕ್‌ನಲ್ಲಿ ಕಾಲರೇ ಕತ್ತಿಗೆ ಕೂರದಿದ್ದರೆ ಇನ್ನೇನು ಉಳಿಯಿತು?

ಪಟ್ಟಿ ನೋಡಿದ ಮೇಲೂ ಅನುಮಾನ ಬೇಡ ಅಂತ ಒಂದು ಎಳೆ ಕಿತ್ತು ಬೆಂಕಿಕಡ್ಡಿಗೆ ಹಿಡಿದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು, ಬೂದಿ ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು. ಇದು ಕರಗಿ, ಕಪ್ಪು ಹೊಗೆ ಬಿಟ್ಟು, ತುದಿಯಲ್ಲಿ ಗಟ್ಟಿ ಕರಿಮಣಿಯಾಗಿ ನಿಂತಿತು. ಉಗುರಲ್ಲಿ ಒತ್ತಿದರೂ ಒಡೆಯಲಿಲ್ಲ.

ಕಸ್ಟಮರ್ ಕೇರ್‌ನವರ ಉತ್ತರ ಕೇಳಿ. "ಸರ್, ವುಲ್ ಅಂದರೆ ವುಲ್ ಥರ ಫೀಲ್ ಇರುತ್ತದೆ ಅಂತ." ಹಾಗಾದರೆ ನಾನೂ ದುಡ್ಡಿನ ಥರ ಫೀಲ್ ಇರುವ ಕಾಗದ ಕೊಡ್ತೇನೆ, ತಗೊಳ್ತೀರಾ? ವಾಪಸ್ ತಗೊಳ್ಳಿ ಅಂದರೆ, ಟ್ಯಾಗ್ ಕಿತ್ತಿದ್ದೀರಿ, ಹಾಕಿಕೊಂಡಿದ್ದೀರಿ, ಆಗುವುದಿಲ್ಲ ಅಂತೆ. ಹಾಕಿಕೊಳ್ಳದೆ ಸ್ವೆಟರ್ ಬೆಚ್ಚಗಿದೆಯೋ ಇಲ್ಲವೋ ಹೇಗಪ್ಪಾ ತಿಳಿಯುತ್ತದೆ?

ಅಕ್ರಿಲಿಕ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅಗ್ಗ, ಮಷಿನ್ನಿಗೆ ಹಾಕಬಹುದು, ನುಸಿ ತಿನ್ನುವುದಿಲ್ಲ. ಹುಬ್ಬಳ್ಳಿಯಲ್ಲಿ ಚಳಿಗಾಲ ಬಂದರೆ ಟಿಬೆಟಿಯನ್ನರು ಸ್ವೆಟರ್ ಅಂಗಡಿ ಹಾಕುತ್ತಾರಲ್ಲ, ಅಲ್ಲಿ ಎಷ್ಟೋ ವರ್ಷ ತಗೊಂಡಿದ್ದೇನೆ. ಲೂಧಿಯಾನದ ಮಾಲು. "ಇದು ಪೂರ್ತಿ ವುಲ್ ಅಲ್ಲ ಅಣ್ಣಾ, ಮಿಕ್ಸು, ಅದು ಬೇಕಂದ್ರೆ ರೇಟು ಜಾಸ್ತಿ" ಅಂತ ಆ ಅಕ್ಕ ಮುಖಕ್ಕೇ ಹೇಳಿದ್ದರು. ಕೊಟ್ಟ ದುಡ್ಡಿಗೆ ತಕ್ಕ ಮಾಲು ಬಂತು, ನನಗೂ ಬೇಜಾರಿಲ್ಲ. ಫುಟ್‌ಪಾತಲ್ಲಿ ಕೂತವರು ಹೇಳುವ ಸತ್ಯವನ್ನು, ಇಷ್ಟು ದೊಡ್ಡ ಆ್ಯಪ್ ಇಟ್ಟುಕೊಂಡವರು ಹೇಳಲಾರರು. ಸುಮ್ನೆ 'ಅಕ್ರಿಲಿಕ್, ಎಂಟುನೂರು' ಅಂತ ಹಾಕಿದ್ದರೆ ನಾನೇ ಎರಡು ತಗೊಳ್ಳುತ್ತಿದ್ದೆನೇನೋ.

ಪಟ್ಟಿ, ಬಿಲ್ಲು, ಆ 'ವುಲ್' ಅಂತ ಇರುವ ಪೇಜಿನ ಸ್ಕ್ರೀನ್‌ಶಾಟ್ ಎಲ್ಲ ಇಟ್ಟುಕೊಂಡು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಾಗಿದೆ. ಅದಾದ ಮೇಲೆ "ಇನ್ನೂರು ರೂಪಾಯಿ ಕೂಪನ್ ಕೊಡ್ತೇವೆ ಸರ್, ದೂರು ವಾಪಸ್ ತಗೊಳ್ಳಿ" ಅಂತ ಮೆಸೇಜ್ ಬಂದಿದೆ. ಕೂಪನ್ ಬೇಡ, ನನ್ನ ದುಡ್ಡು ವಾಪಸ್ ಕೊಡಿ, ಆ ಪೇಜಿನಿಂದ 'ವುಲ್' ತೆಗೆಯಿರಿ ಅಂತ ಬರೆದೆ. ಅದಕ್ಕೆ ಇನ್ನೂ ಉತ್ತರವಿಲ್ಲ. ಸ್ವೆಟರ್ ಮಾತ್ರ ಈಗಲೂ ಅದೇ ಹೆಸರಲ್ಲಿ ಮಾರಾಟಕ್ಕಿದೆ, ಮೇಲೆ 'ಕೆಲವೇ ಉಳಿದಿವೆ' ಅಂತ ಕೆಂಪಕ್ಷರ ಬೇರೆ!